ಗೇರಿನ ಗುರುತು

ಮಂಚೇನಹಳ್ಳಿಯಿಂದ ಮಗನಿಗೆ ಹೆಣ್ಣು ಕೇಳಲು ಬಂದ ಗಂಗುಲಪ್ಪ, ಹೆಣ್ಣಿನ ಮನೆಗೆ ಬರುವ ಮೊದಲು ವೆಂಕಟರತ್ನಮ್ಮನ ಜಗಲಿಯ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದ. ಅಷ್ಟರಲ್ಲೇ ಸಂಬಂಧ ಮುರಿದುಬಿತ್ತು.

ಅವನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಡಿವಾಳರಲ್ಲಿ ಹೆಣ್ಣು ತರುವವರು, ಹೆಣ್ಣಿನವರು ಯಾರ ಯಾರ ಬಟ್ಟೆ ಒಗೆಯುತ್ತಾರೋ ಆ ಮನೆಗಳಲ್ಲಿ ಮೊದಲು ವಿಚಾರಿಸುತ್ತಾರೆ. ಉಟ್ಟು ಬಿಟ್ಟ ಬಟ್ಟೆಯನ್ನು ವರ್ಷಗಟ್ಟಲೆ ನಂಬಿ ಕೊಟ್ಟವರು ಆ ಮನೆಯ ಗುಣ ಹೇಳದೆ ಇನ್ಯಾರು ಹೇಳಬೇಕು? ಶಿಡ್ಲಘಟ್ಟದ ರೀಲರುಗಳ ಬೀದಿಯಲ್ಲಿ ಹುಡುಗಿಯ ತಾಯಿ ರಾಮಲಕ್ಷ್ಮಮ್ಮ ಒಗೆಯುತ್ತಿದ್ದ ಮನೆಗಳಲ್ಲೆಲ್ಲ ದೊಡ್ಡದು ಬಯ್ಯಪ್ಪನದು. ಹಿತ್ತಲಲ್ಲಿ ರೇಷ್ಮೆ ನೂಲು ತೆಗೆಯುವ ಅವನ ಫಿಲೇಚರ್, ಮುಂದೆ ಮನೆ, ಮನೆಯ ಜಗಲಿಯ ಮೇಲೆ ಅವನ ಹೆಂಡತಿ ವೆಂಕಟರತ್ನಮ್ಮ. ಬೀದಿಗೆ ಬಂದವರು ಅವಳಿಗೆ ಮುಖ ತೋರಿಸದೆ ಮುಂದೆ ಹೋಗುವಂತಿರಲಿಲ್ಲ.

ವೆಂಕಟರತ್ನಮ್ಮ ಹುಡುಗಿಯನ್ನು ಹೊಗಳಿಯೇ ಹೊಗಳಿದಳು. ಕೆಲಸದಲ್ಲಿ ಚುರುಕು, ತಲೆಯೆತ್ತಿ ಮಾತಾಡುವವಳಲ್ಲ ಎಂದಳು. ಕಾಫಿ ಮುಗಿಯುವ ಹೊತ್ತಿಗೆ ದನಿ ತಗ್ಗಿಸಿದಳು.

"ಮೈಯೊಂದು ನೋಡ್ಕೊಂಡ್ಬಿಡಪ್ಪ. ಕತ್ತು, ಮೊಣಕೈ ಸಂದು. ನಾನೇನೂ ಹೇಳ್ದವಳಲ್ಲ. ದೊಡ್ಡ ರೋಗ ಅಂತಾರೆ ಜನ. ನಾವೇ ಬಟ್ಟೆ ಹಾಕೋಕೆ ಹಿಂದೆಮುಂದೆ ನೋಡ್ತಾ ಇದೀವಿ."

ಗಂಗುಲಪ್ಪ ಆಮೇಲೆ ರಾಮಲಕ್ಷ್ಮಮ್ಮನ ಮನೆಗೆ ಬಂದದ್ದು ನಿಜ. ಅವಳು ಹಾಸಿದ ಚಾಪೆಯ ತುದಿಯಲ್ಲಿ ಕೂತ. ಉಪ್ಪಿಟ್ಟು ಮುಟ್ಟಲಿಲ್ಲ. ನೀರು ತಂದಿಟ್ಟ ಹುಡುಗಿಯ ಮುಖ ನೋಡದೆ ಕತ್ತನ್ನೇ ನೋಡಿದ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಜಗಲಿಯ ಮೇಲೆ ಆದ ಮಾತನ್ನು, ಅಲ್ಲೇ ಪಕ್ಕದಲ್ಲಿ ರೇಷ್ಮೆಗೂಡು ಆರಿಸುತ್ತಿದ್ದ ಹೆಂಗಸೊಬ್ಬಳು ಮಾರನೆಯ ದಿನ ರಾಮಲಕ್ಷ್ಮಮ್ಮನಿಗೆ ಬಿಡಿಸಿ ಹೇಳಿದಳು.

ಹುಡುಗಿಯ ಹೆಸರು ಆಂಜಿನಮ್ಮ. ಅವಳ ಮೈಮೇಲೆ ಇದ್ದದ್ದು ಕುಷ್ಠವಾಗಿರಲಿಲ್ಲ. ಆ ವರ್ಷಗಳಲ್ಲಿ, ಎಂಬತ್ತರ ಆಚೀಚೆ, ಕೆರೆಯ ಅಂಗಳವನ್ನೆಲ್ಲ ಕಾಂಗ್ರೆಸ್ ಗಿಡ ತುಂಬಿಕೊಂಡಿತ್ತು. ಒಗೆದ ಬಟ್ಟೆ ಹರವಲು ಹುಲ್ಲು ಉಳಿದಿರಲಿಲ್ಲ. ಸೊಂಟದೆತ್ತರ ಬೆಳೆದ ಗಿಡ, ಅದರ ಮೇಲೆ ಅಕ್ಕಿನುಚ್ಚಿನಂಥ ಬಿಳಿ ಹೂವು. ಬಟ್ಟೆಯನ್ನು ಅದರ ಮೇಲೇ ಹರವಬೇಕು, ಅದರೊಳಗೇ ನಡೆದು ಎತ್ತಿಕೊಳ್ಳಬೇಕು. ರಾಮಲಕ್ಷ್ಮಮ್ಮನಿಗೆ ಏನೂ ಆಗಲಿಲ್ಲ. ಮಗಳಿಗೆ ಆಯಿತು. ಮೊದಲು ರೆಪ್ಪೆ ಊದಿತು. ಆಮೇಲೆ ಕತ್ತು, ಮೊಣಕೈ ಸಂದು ಕೆಂಪಗಾಗಿ, ಕೆರೆದು ಕೆರೆದು ಕಪ್ಪಾಗಿ, ಒಣಗಿದ ಚರ್ಮದ ಚೀಲದಂತೆ ಗಡುಸಾಯಿತು. ತಾಯಿ ಅವಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಒಳ್ಳೆಯವರು. ಹುಡುಗಿಯನ್ನು ಬೆಳಕಿಗೆ ನಿಲ್ಲಿಸಿ ನೋಡಿ, ಇದು ಅಂಟುವಂಥದ್ದಲ್ಲ, ಆ ಗಿಡ ಇವಳ ಮೈಗೆ ಒಗ್ಗುವುದಿಲ್ಲ ಅಷ್ಟೆ, ಗಿಡದಿಂದ ದೂರ ಇರಲಿ ಎಂದರು. ರಾಮಲಕ್ಷ್ಮಮ್ಮ ಬಂದವಳೇ ಬಟ್ಟೆ ಒಣಹಾಕಲು ಹಗ್ಗ ಕಟ್ಟಿದಳು, ಮಗಳನ್ನು ಇಸ್ತ್ರಿ ಮೇಜಿನ ಮುಂದೆ ನಿಲ್ಲಿಸಿ ಕೆರೆಯ ಕೆಲಸ ತಾನೊಬ್ಬಳೇ ಹೊತ್ತಳು. ಹುಡುಗಿಗೆ ಹೊಸ ಗಾಯ ಏಳುವುದು ನಿಂತಿತು. ಹಳೆಯ ಕಪ್ಪು ಉಳಿಯಿತು.

ಇದನ್ನೆಲ್ಲ ಅವಳು ಆಗಲೇ ವೆಂಕಟರತ್ನಮ್ಮನಿಗೂ ಹೇಳಿದ್ದಳು. ವೆಂಕಟರತ್ನಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ, "ಹೆತ್ತವಳು ನೀನು, ನೀನು ಹಂಗೆ ಹೇಳ್ದೆ ಇನ್ಯಾರು ಹೇಳ್ತಾರೆ ಬಿಡು" ಎಂದು ನಕ್ಕಿದ್ದಳು.

ಗಂಗುಲಪ್ಪ ಹೋದ ಮೇಲೆ ಆ ನಗು ಬೀದಿಯ ಎಲ್ಲ ಬಾಗಿಲುಗಳಲ್ಲೂ ಕಾಣಿಸಿತು. ಒಂದು ಮನೆಯವರು ಮನೆಯಲ್ಲೇ ಒಗೆದುಕೊಳ್ಳುತ್ತೇವೆಂದರು. ಇನ್ನೊಂದು ಮನೆಯವರು ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದ ಲಾಂಡ್ರಿಗೆ ಹೊರಟರು. ಹಬ್ಬದ ದಿನ ಎಲ್ಲರ ಮನೆಯಿಂದ ಬರುತ್ತಿದ್ದ ಒಬ್ಬಟ್ಟು ಬರಲಿಲ್ಲ. ಆಂಜಿನಮ್ಮ ನಲ್ಲಿಗೆ ಹೋದರೆ ಕೊಡಗಳು ಪಕ್ಕಕ್ಕೆ ಸರಿಯುತ್ತಿದ್ದವು. ಅವಳು ಬಿಸಿಲಲ್ಲೂ ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಓಡಾಡುವುದನ್ನು ಕಲಿತಳು.

ರಾಮಲಕ್ಷ್ಮಮ್ಮ ಅತ್ತವಳಲ್ಲ, ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿದವಳೂ ಅಲ್ಲ. ಗಂಡ ಸತ್ತಾಗಿನಿಂದ ಬಾಯಿ ಕಟ್ಟಿಕೊಂಡು ಬದುಕಿದ್ದಳು. ಬಂಡೆಯ ಮೇಲೆ ಬಟ್ಟೆ ಬಡಿಯುತ್ತ ಒಂದೇ ವಿಷಯ ಯೋಚಿಸುತ್ತಿದ್ದಳು: ಇವಳು ಯಾಕೆ ಹೀಗೆ ಮಾಡಿದಳು? ತಾನು ಸೀರೆ ಸುಟ್ಟಿರಲಿಲ್ಲ, ಬಣ್ಣ ಬಿಡಿಸಿರಲಿಲ್ಲ, ಎದುರುತ್ತರ ಕೊಟ್ಟಿರಲಿಲ್ಲ. ವೆಂಕಟರತ್ನಮ್ಮನಿಗೆ ಆ ಸಂಬಂಧ ಮುರಿದರೆ ಲಾಭವಿರಲಿಲ್ಲ, ಕೂಡಿದರೆ ನಷ್ಟವಿರಲಿಲ್ಲ. ಕಾಫಿಯ ಜೊತೆಗೆ ನೆಂಚಿಕೊಳ್ಳಲು ಏನಾದರೂ ಬೇಕಿತ್ತು, ಹುಡುಗಿಯ ಬಾಳು ಸಿಕ್ಕಿತು, ಅಷ್ಟೆ. ಹಗೆಯಿಂದ ಮಾಡಿದ್ದರೆ ರಾಮಲಕ್ಷ್ಮಮ್ಮ ಅಳೆದು ತೂಗಿ ಎಂದಾದರೂ ಕ್ಷಮಿಸುತ್ತಿದ್ದಳೇನೋ. ಬಾಯಿಚಪಲಕ್ಕೆ ಮಾಡಿದ್ದನ್ನು ಕ್ಷಮಿಸಲು ಅವಳಿಗೆ ಮನಸ್ಸು ಬರಲಿಲ್ಲ. ಮಗಳ ಹೆಸರು ಯಾವ ಬಾಯಿಂದ ಕೆಟ್ಟಿತೋ ಅದೇ ಬಾಯಿಂದ ತೊಳೆಸಬೇಕು. ಅದನ್ನು ಹೇಗೆ ಮಾಡುವುದೆಂಬುದಷ್ಟೇ ಗೊತ್ತಾಗಬೇಕಿತ್ತು.

ವೆಂಕಟರತ್ನಮ್ಮನ ಮಗಳ ಮದುವೆ ಚಿಂತಾಮಣಿಯ ಮನೆಗೆ ಗೊತ್ತಾದಾಗ ಅದು ತಾನಾಗಿ ಕಾಲಬಳಿಗೆ ಬಂತು.

ಲಾಂಡ್ರಿಯವನು ಪ್ಯಾಂಟಿಗೆ ಗೆರೆ ಕೂರಿಸಬಲ್ಲ. ಆದರೆ ಚಪ್ಪರಕ್ಕೆ ಮೇಲುಕಟ್ಟು ಕಟ್ಟುವುದು, ಹಸೆಗೆ ಮಡಿಬಟ್ಟೆ ತರುವುದು, ಬೀಗರು ಬರುವ ದಾರಿಗೆ ನಡೆಮಡಿ ಹಾಸುವುದು ಆ ಬೀದಿಯ ಮಡಿವಾಳರೇ ಮಾಡಬೇಕು. ನಡೆಮಡಿಯೆಂದರೆ ಕಾಲಿಗೆ ನೆಲ ಸೋಕದಂತೆ ಒಂದರ ಮುಂದೊಂದು ಹಾಸುತ್ತ ಹೋಗುವ ಒಗೆದ ಸೀರೆಗಳು. ಒಂದು ಮನೆಯ ಹಕ್ಕಿನ ಬೀದಿಗೆ ಇನ್ನೊಂದು ಮನೆಯವರು ಕಾಲಿಡುವುದಿಲ್ಲ. ಹಾಗಾಗಿ ವೆಂಕಟರತ್ನಮ್ಮ ಆಳು ಕಳಿಸಿ ರಾಮಲಕ್ಷ್ಮಮ್ಮನನ್ನು ಕರೆಸಿದಳು. ಏನೂ ಆಗಿಲ್ಲವೆಂಬಂತೆ ಬಟ್ಟೆಯ ಗಂಟುಗಳನ್ನು ತೋರಿಸಿದಳು. ಜಮಖಾನ, ಹಾಸಿಗೆ ಹೊದಿಕೆ, ಸೀರೆಗಳು. ಮೇಲೆ ಬೇರೆಯಾಗಿ ಮಡಿಸಿಟ್ಟ ಒಂದು ಕಡುಗೆಂಪು ಮಖಮಲ್ಲಿನ ರವಿಕೆ. ಆ ವರ್ಷ ದೊಡ್ಡಮನೆಯ ಹೆಂಗಸರೆಲ್ಲ ಬೇಸಗೆಯಲ್ಲೂ ಮಖಮಲ್ಲು ತೊಡುತ್ತಿದ್ದರು. ಲಗ್ನಪತ್ರಿಕೆ ಬರೆಸುವ ಮೊದಲು ಮನೆಮಂದಿಯೆಲ್ಲ ನಂದಿಗೆ ಹೋಗಿ ಪೂಜೆ ಮಾಡಿಸಿ ಬರುವುದು ಆ ಮನೆಯ ಪದ್ಧತಿ. ಅದಕ್ಕೆ ಈ ರವಿಕೆ.

"ಹುಷಾರಾಗಿ ಆವಿ ಹಿಡಿಸಿ ಇಸ್ತ್ರಿ ಮಾಡು," ಎಂದಳು ವೆಂಕಟರತ್ನಮ್ಮ. "ಎಲ್ಲಾ ನಿನ್ನ ಕೈಯಾರೆ ಮಾಡ್ಬೇಕು. ನಿನ್ನ ಮಗಳ ಕೈ ಸೋಕ್ಬಾರ್ದು, ನೋಡು. ಶುಭಕಾರ್ಯದ ಮನೆ."

"ಇಲ್ಲ ಅಮ್ಮಣ್ಣೀ. ನನ್ನ ಕೈಯಿಂದಾನೇ ಮಾಡ್ತೀನಿ," ಎಂದಳು ರಾಮಲಕ್ಷ್ಮಮ್ಮ.

ಅವಳ ಮನೆಯಲ್ಲಿ, ಒಲೆಯ ಮೇಲಿನ ಗೂಡಿನಲ್ಲಿ ಒಂದು ಮಣ್ಣಿನ ಕುಡಿಕೆ ಇತ್ತು. ಅದರಲ್ಲಿ ಗೇರುಕಾಯಿ. ಗೋಡಂಬಿಯ ಜಾತಿಯದೇ, ಆದರೆ ಕಪ್ಪಗೆ, ಕಲ್ಲಿನಂತೆ ಗಟ್ಟಿ. ತೆಲುಗಿನವರು ಜೀಡಿ ಎನ್ನುತ್ತಾರೆ. ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಅದರ ರಸದಿಂದಲೇ ಮೂಲೆಯಲ್ಲಿ ಗುರುತು ಹಾಕುವುದು. ದೀಪದ ಮೇಲೆ ಕಾಯಿ ಬಿಸಿ ಮಾಡಿ ಸೂಜಿ ಚುಚ್ಚಿದರೆ ಕಪ್ಪು ಎಣ್ಣೆ ಒಸರುತ್ತದೆ. ಸೂಜಿಯ ತುದಿಯಿಂದ ಚುಕ್ಕೆ ಇಟ್ಟು, ಮೇಲೆ ಸುಣ್ಣ ಹಚ್ಚಿ, ಬಟ್ಟೆಯನ್ನು ಉಬ್ಬೆಯ ಹಂಡೆಗೆ ಹಾಕಿ ಬೇಯಿಸಿದರೆ ಆ ಗುರುತು ಬಟ್ಟೆ ಹರಿದು ಚಿಂದಿಯಾಗುವವರೆಗೂ ಹೋಗುವುದಿಲ್ಲ. ಬಯ್ಯಪ್ಪನ ಮನೆಗೆ ಮೂರು ಚುಕ್ಕೆ, ಕೆಳಗೊಂದು ಗೆರೆ. ಈಗಿನ ಹುಡುಗರು ದಾರ ಹೊಲಿದೋ ಮಸಿಪೆನ್ನಿನಲ್ಲಿ ಬರೆದೋ ಮುಗಿಸುತ್ತಾರೆ. ರೀಲರುಗಳ ಬೀದಿಯವರಿಗೆ ಆ ಚುಕ್ಕೆ ಯಾವುದರದೆಂಬುದೇ ಗೊತ್ತಿರಲಿಲ್ಲ. ಅಗಸರ ಮಸಿ ಎಂದುಕೊಂಡಿದ್ದರು, ಅಥವಾ ಏನೂ ಅಂದುಕೊಂಡಿರಲಿಲ್ಲ.

ರಾಮಲಕ್ಷ್ಮಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಒಬ್ಬ ಮೇಷ್ಟರ ಅಂಗಿಯ ಕೊರಳಪಟ್ಟಿಗೆ ಗುರುತು ಹಾಕಿ ಸುಣ್ಣ ಹಚ್ಚುವುದನ್ನು ಮರೆತಿದ್ದಳು. ಮೇಷ್ಟರ ಕತ್ತು ಗುಳ್ಳೆಯೆದ್ದು, ಒಂದು ವಾರ ಶಾಲೆಗೆ ಹೋಗಲಿಲ್ಲ. ಅತ್ತೆ ಅವಳಿಗೆ ಎರಡು ಬಿಗಿದು ಹೇಳಿದ್ದಳು: ಗೇರು ನಮ್ಮ ಕೈಯನ್ನು ಏನೂ ಮಾಡುವುದಿಲ್ಲ, ಅದಕ್ಕೆ ನಮ್ಮ ಕೈ ಗೊತ್ತು, ಹೊರಗಿನವರ ಮೈಗೆ ಹಸಿ ಗೇರು ಸೋಕಿಸಿದರೆ ನಮ್ಮ ಕಸುಬಿಗೇ ಮಣ್ಣು.

ಆ ಮಾತು ಅವಳಿಗೆ ಈಗ ನೆನಪಿಗೆ ಬಂತು. ನೆನಪಿಗೆ ಬಂದ ಮೇಲೂ ಕುಡಿಕೆಯನ್ನು ಕೆಳಗಿಳಿಸಿದಳು.

ಮಗಳು ನೀರಿಗೆ ಹೋಗಿದ್ದ ಹೊತ್ತು. ಒಂದು ಕಾಯಿ ಬಿಸಿ ಮಾಡಿ ರಸ ತೆಗೆದಳು. ಅದನ್ನು ಹಾಗೇ ಹಚ್ಚಿದರೆ ಕಪ್ಪು ಗುಳ್ಳೆಯೆದ್ದು, ಬಲ್ಲವರು ಗೇರೆಂದು ಗುರುತಿಸಿಬಿಡುತ್ತಾರೆ. ಅವಳಿಗೆ ಬೇಕಾದದ್ದು ಅದಲ್ಲ. ಹರಳೆಣ್ಣೆಯಲ್ಲಿ ಕಲಸಿ ತೆಳುವಾಗಿಸಿದಳು. ನೋಡಿದವರಿಗೆ ತನ್ನ ಮಗಳ ಕತ್ತು ನೆನಪಾಗುವಷ್ಟು ಕೆಂಪಾಗಬೇಕು, ಅಷ್ಟು ಕಪ್ಪಾಗಬೇಕು, ಅಷ್ಟೇ ಕೆರೆಯಬೇಕು. ರವಿಕೆ ತಿರುಗಿಸಿ, ಕೊರಳ ಒಳಪಟ್ಟಿಯ ಹೊಲಿಗೆಗುಂಟ, ತೋಳಿನ ಅಂಚಿನ ಒಳಗೆ, ಸೂಜಿಯಿಂದ ಒಂದು ಗೆರೆ ಎಳೆದಳು. ಕಡುಗೆಂಪಿನಲ್ಲಿ ಕಪ್ಪು ಅಡಗಿಹೋಯಿತು. ಸುಣ್ಣ ಹಚ್ಚಲಿಲ್ಲ.

ಮದುವೆಯ ಹುಡುಗಿಯ ಬಟ್ಟೆಗಳೂ ಅದೇ ಗಂಟಿನಲ್ಲಿದ್ದವು. ಅವನ್ನು ಮೊದಲೇ ಬೇರೆ ತೆಗೆದು ಹಗ್ಗದ ಇನ್ನೊಂದು ತುದಿಗೆ ಹಾಕಿದ್ದಳು. ಆ ಹುಡುಗಿ ಯಾರ ಬಗ್ಗೆಯೂ ಏನೂ ಅಂದವಳಲ್ಲ.

ನಂದಿಯ ಬಿಸಿಲಿನಲ್ಲಿ, ಮಖಮಲ್ಲಿನೊಳಗಿನ ಬೆವರಿನಲ್ಲಿ ಉಳಿದ ಕೆಲಸವಾಯಿತು. ವೆಂಕಟರತ್ನಮ್ಮ ಊರಿಗೆ ಮರಳಿ ಎರಡು ದಿನ ಕಳೆಯುವಷ್ಟರಲ್ಲಿ ಕತ್ತು ಕೆರೆಯತೊಡಗಿತು. ಕೆರೆದ ಕೈಯನ್ನು ಮುಖಕ್ಕೆ ಒರೆಸಿಕೊಂಡಳು, ರೆಪ್ಪೆ ಊದಿತು. ಕತ್ತಿನ ಸುತ್ತ ಹಾರ ಹಾಕಿದಂತೆ ಕೆಂಪು, ತೋಳಿನ ಸುತ್ತ ಬಳೆಯಂತೆ ಕೆಂಪು. ಬೇವಿನ ಸೊಪ್ಪು ಅರೆದು ಹಚ್ಚಿದರು, ಇಳಿಯಲಿಲ್ಲ. ಬಯ್ಯಪ್ಪ ಕಾರು ಮಾಡಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದ. ಡಾಕ್ಟರು ಅವರೇ. ಅವರು, ಯಾವುದೋ ಒಗ್ಗದ್ದು ಮೈಗೆ ಸೋಕಿದೆ, ಅಂಟುವಂಥದ್ದಲ್ಲ ಎಂದರು. ಹೊಸ ಸರವೇನಾದರೂ ಹಾಕಿಕೊಂಡಿರಾ, ತಲೆಗೆ ಬಣ್ಣ ಹಚ್ಚಿದಿರಾ, ಯಾವ ಹೂವು ಮುಡಿದಿರಿ ಎಂದೆಲ್ಲ ಕೇಳಿ ಮುಲಾಮು ಬರೆದುಕೊಟ್ಟರು. ವೆಂಕಟರತ್ನಮ್ಮ ಸರದ ಮೇಲೆ ಅನುಮಾನಪಟ್ಟು ಅದನ್ನು ಬಿಚ್ಚಿಟ್ಟಳು.

ಲಗ್ನಪತ್ರಿಕೆಯ ದಿನ ಚಿಂತಾಮಣಿಯವರು ಬಂದಾಗ ಅವಳು ಸೆರಗನ್ನು ಕಿವಿಯವರೆಗೆ ಎಳೆದುಕೊಂಡಿದ್ದಳು. ಚಪ್ಪರದ ಕಂಬದ ಹತ್ತಿರ ಮೇಲುಕಟ್ಟಿನ ದಾರ ಬಿಗಿಯುತ್ತಿದ್ದ ರಾಮಲಕ್ಷ್ಮಮ್ಮ ಅದನ್ನು ನೋಡಿದಳು. ನೋಡಿ, ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

ಗಂಡಿನ ತಾಯಿ ಲಕ್ಷ್ಮೀನರಸಮ್ಮ ಹೆಚ್ಚು ಮಾತಿನವಳಲ್ಲ. ಅರಿಶಿನ ಕುಂಕುಮ ಕೊಡಲು ವೆಂಕಟರತ್ನಮ್ಮ ಬಗ್ಗಿದಾಗ ಸೆರಗು ಜಾರಿತು. "ಏಮಿ ವದಿನಾ ಇದಿ, ಏನಿದು ಅತ್ತಿಗೆ?" ಎಂದು ಬೀಗಿತ್ತಿ ಕೇಳಿದಳು. ಸರ ಒಗ್ಗಲಿಲ್ಲವಂತೆ, ಡಾಕ್ಟರು ಹೇಳಿದ್ದಾರೆ ಎಂದು ವೆಂಕಟರತ್ನಮ್ಮ ಗಡಿಬಿಡಿಯಲ್ಲಿ ಹೇಳಿದಳು. ಲಕ್ಷ್ಮೀನರಸಮ್ಮ ತಲೆಯಾಡಿಸಿದಳು. ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಅಲ್ಲಿ ಬೀದಿಯ ಹೆಂಗಸರು ತರಕಾರಿ ಹೆಚ್ಚುತ್ತಿದ್ದರು. ಯಾರು ಬಾಯಿಬಿಟ್ಟರೋ, ಬಿಡಿಸಿ ಕೇಳುವ ಅಗತ್ಯವೇ ಇರಲಿಲ್ಲ; ಇಂಥದ್ದೇ ಕತ್ತು ಈ ಬೀದಿಯಲ್ಲಿ ಇನ್ನೊಂದಿದೆ, ಅಗಸರ ಹುಡುಗಿಯದು, ಅದು ದೊಡ್ಡ ರೋಗವೆಂದು ವೆಂಕಟರತ್ನಮ್ಮನೇ ಹೇಳಿದ್ದು, ಅದಕ್ಕೇ ಆ ಹುಡುಗಿಗೆ ಬಂದ ಸಂಬಂಧ ತಪ್ಪಿದ್ದು ಎಂಬುದೆಲ್ಲ ಹೊರಬಿತ್ತು.

ಲಕ್ಷ್ಮೀನರಸಮ್ಮ ಒಳಗೆ ಬಂದು ಹಸೆಯ ಮೇಲೆ ಕೂರದೆ ನಿಂತೇ ಮಾತಾಡಿದಳು. ಪುರೋಹಿತರಿಗೆ ಬರೆಯುವುದು ಬೇಡವೆಂದಳು.

"ಡಾಕ್ಟರು ಹೇಳಿದ್ರು ಅಂತ ನೀವು ಹೇಳ್ತೀರಿ ವದಿನಾ. ಹೆಣ್ಣು ಹೆತ್ತವರು ನೀವು, ನೀವು ಹಂಗೆ ಹೇಳ್ದೆ ಇನ್ಯಾರು ಹೇಳ್ತಾರೆ? ಅಗಸರ ಹುಡುಗಿಗೆ ಇರೋದು ದೊಡ್ಡ ರೋಗ ಅಂತ ನಿಮ್ಮ ಬಾಯಲ್ಲೇ ಬಂದದ್ದಂತೆ. ಹಂಗಾದ್ರೆ ನಿಮಗೆ ಇರೋದು ಏನು? ಅದು ಇತ್ಯರ್ಥ ಆಗ್ಲಿ. ಆಮೇಲೆ ಬರ್ತೀವಿ."

ಕಾರುಗಳು ಹೊರಟುಹೋದವು. ಮದುವೆಯ ಹುಡುಗಿ ಕೋಣೆಯೊಳಗೆ ಬಾಗಿಲು ಹಾಕಿಕೊಂಡಳು. ಬಯ್ಯಪ್ಪ ಹೆಂಡತಿಯನ್ನು ಏನೆಂದನೋ, ಫಿಲೇಚರಿನ ಬಿಸಿನೀರಿನ ತೊಟ್ಟಿಗಳ ಸದ್ದಿನ ಮೇಲೂ ಅವನ ದನಿ ಬೀದಿಗೆ ಕೇಳುತ್ತಿತ್ತು. ರಾಮಲಕ್ಷ್ಮಮ್ಮ ಮೇಲುಕಟ್ಟು ಬಿಚ್ಚಿ ನಿಧಾನವಾಗಿ ಮಡಿಸಿದಳು. ಇಬ್ಬರ ಕೊರಳನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದಾಗಿತ್ತು. ಇನ್ನು ತನ್ನ ಮಗಳನ್ನು ಬಿಚ್ಚದೆ ವೆಂಕಟರತ್ನಮ್ಮ ತನ್ನನ್ನು ಬಿಚ್ಚಿಕೊಳ್ಳುವಂತಿರಲಿಲ್ಲ.

ವೆಂಕಟರತ್ನಮ್ಮ ಕೆರೆಗೆ ಬಂದದ್ದು ಎರಡು ದಿನ ಬಿಟ್ಟು. ಹುಟ್ಟಿದಾಗಿನಿಂದ ಬಹುಶಃ ಬಟ್ಟೆ ಒಗೆಯುವ ಬಂಡೆಯನ್ನು ಅವಳು ನೋಡಿರಲಿಲ್ಲ. ಚಪ್ಪಲಿ ಕೆಸರಲ್ಲಿ ಹೂತು, ಕಾಂಗ್ರೆಸ್ ಗಿಡಗಳ ನಡುವೆ ಸೀರೆ ಎತ್ತಿಕೊಂಡು ನಿಂತಳು. ರಾಮಲಕ್ಷ್ಮಮ್ಮ ಒಗೆಯುವುದನ್ನು ನಿಲ್ಲಿಸಲಿಲ್ಲ.

"ನೀನು ಚಿಂತಾಮಣಿಗೆ ಬಂದು ಒಂದು ಮಾತು ಹೇಳ್ಬೇಕು," ಎಂದಳು ವೆಂಕಟರತ್ನಮ್ಮ. "ನಿನ್ನ ಮಗಳದ್ದು ದೊಡ್ಡ ರೋಗ ಅಲ್ಲ ಅಂತ."

"ಹೇಳಿದ್ನಲ್ಲ ಅಮ್ಮಣ್ಣೀ. ನಿಮ್ಮ ಜಗಲಿ ಮೇಲೇ ಹೇಳಿದ್ದೆ. ಹೆತ್ತವಳ ಮಾತು ಯಾರು ನಂಬ್ತಾರೆ ಅಂದ್ರಿ. ನಾನು ಹೇಳಿದ್ರೆ ಚಿಂತಾಮಣಿಯವರು ಮಾತ್ರ ನಂಬ್ತಾರಾ?"

"ಮತ್ತೆ ಯಾರು ಹೇಳ್ಬೇಕು?"

"ಬೀದಿಗೆ ಮೊದಲು ಹೇಳಿದವರು ಯಾರೋ ಅವರು."

ವೆಂಕಟರತ್ನಮ್ಮ ಕತ್ತು ಕೆರೆದುಕೊಳ್ಳಲು ಕೈಯೆತ್ತಿ, ರಾಮಲಕ್ಷ್ಮಮ್ಮ ನೋಡುತ್ತಿರುವುದನ್ನು ಕಂಡು ಇಳಿಸಿದಳು. ಏನು ಮಾಡಬೇಕೆಂದು ಕೇಳಿದಳು. ರಾಮಲಕ್ಷ್ಮಮ್ಮ ಕೈಯಲ್ಲಿದ್ದ ಸೀರೆಯನ್ನು ಹಿಂಡಿ ಬಂಡೆಯ ಮೇಲಿಟ್ಟಳು. ಎಷ್ಟು ದಿನದಿಂದ ಜೋಡಿಸಿಟ್ಟಿದ್ದಳೋ, ಒಂದಾದ ಮೇಲೊಂದು ಹೇಳಿದಳು. ಚಿಂತಾಮಣಿಯವರನ್ನು ಮತ್ತೆ ಕರೆಯಬೇಕು, ಬೀದಿಯವರನ್ನೆಲ್ಲ ಕರೆಯಬೇಕು, ಮಂಚೇನಹಳ್ಳಿಯ ಗಂಗುಲಪ್ಪನನ್ನೂ ಆಳು ಕಳಿಸಿ ಕರೆಸಬೇಕು. ಅಂದು ನಡೆಮಡಿ ಹಾಸುವುದು ತಾನಲ್ಲ, ಆಂಜಿನಮ್ಮ. ವೆಂಕಟರತ್ನಮ್ಮ ಉಡುವ ಸೀರೆ ಇಸ್ತ್ರಿ ಮಾಡುವುದೂ ಆಂಜಿನಮ್ಮ. ಎಲ್ಲರ ಮುಂದೆ ವೆಂಕಟರತ್ನಮ್ಮ ಆ ಹುಡುಗಿಯ ಕೈಯ ನೀರು ಕುಡಿದು, ತಾನು ಹೇಳಿದ್ದು ಸುಳ್ಳೆಂದು ಬಾಯಿಬಿಟ್ಟು ಹೇಳಬೇಕು.

"ಅಗಸರ ಕೈ ನೀರಾ?" ಎಂದಳು ವೆಂಕಟರತ್ನಮ್ಮ. ಆಮೇಲೆ, "ನನ್ನ ಮೇಲೆ ಹಗೆ ತೀರಿಸ್ಕೋತಾ ಇದೀಯ" ಎಂದಳು.

"ನಾನೇನು ಮಾಡ್ದೆ? ನೀವು ಹಾಕಿದ್ದನ್ನೇ ಒಗೆದು ಮಡಿಸಿ ವಾಪಸ್ ತಂದಿದೀನಿ. ಬೇಡ ಅಂದ್ರೆ ಬಿಡಿ. ನನ್ನ ಮಗಳಿಗೆ ಮದುವೆ ಇಲ್ದೆ ಇರೋದು ಅಭ್ಯಾಸ ಆಗಿದೆ. ನಿಮ್ಮ ಮಗಳಿಗೂ ಆಗ್ತದೆ."

ವೆಂಕಟರತ್ನಮ್ಮ ಕೆಸರಿನಿಂದ ಚಪ್ಪಲಿ ಕಿತ್ತುಕೊಂಡು ಹೋದಳು. ಹೋಗುವ ದಾರಿಯುದ್ದಕ್ಕೂ ಗಿಡದ ಬಿಳಿ ಹೂವು ಅವಳ ಸೀರೆಯಂಚಿಗೆ ಅಂಟಿಕೊಂಡಿತ್ತು.

ಮುಂದಿನ ವಾರ ಅದೇ ಚಪ್ಪರದಲ್ಲಿ ಎಲ್ಲರೂ ಕೂಡಿದರು. ಗಂಗುಲಪ್ಪ ತನ್ನನ್ನು ಯಾಕೆ ಕರೆಸಿದ್ದಾರೆಂದು ತಿಳಿಯದೆ ಹಿಂದಿನ ಸಾಲಿನಲ್ಲಿ ಟವೆಲ್ಲು ಮಡಿಚಿಕೊಂಡು ಕೂತಿದ್ದ. ಚಿಂತಾಮಣಿಯವರು ಕಾರಿನಿಂದ ಇಳಿದಾಗ ಆಂಜಿನಮ್ಮ ಒಂದೊಂದೇ ಸೀರೆ ಹಾಸುತ್ತ, ಹಿಂದಿನದನ್ನು ಎತ್ತಿ ಮುಂದಕ್ಕೆ ತರುತ್ತ, ಬೆನ್ನು ಬಗ್ಗಿಸಿ ಹಿಂದೆ ಹಿಂದೆ ನಡೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕೆಂದು ತಾಯಿ ಹೇಳಿದ್ದಳು. ಕತ್ತು, ಕೈ ಎಲ್ಲ ಎಲ್ಲರಿಗೂ ಕಾಣುತ್ತಿತ್ತು. ಹುಡುಗಿಯ ಕಿವಿಗಳು ಕೆಂಪಗಾಗಿದ್ದವು. ಆದರೆ ಹಾಸು ಎಲ್ಲೂ ಸೊಟ್ಟಗಾಗಲಿಲ್ಲ, ಬೀಗರ ಕಾಲು ಎಲ್ಲೂ ನೆಲಕ್ಕೆ ಸೋಕಲಿಲ್ಲ.

ವೆಂಕಟರತ್ನಮ್ಮ ಎದ್ದು ನಿಂತಳು. ಜಗಲಿಯ ಮೇಲೆ ಸಲೀಸಾಗಿ ಹರಿಯುತ್ತಿದ್ದ ಮಾತು ಈಗ ಹರಿಯಲಿಲ್ಲ. ಈ ಹುಡುಗಿಗೆ ಇರುವುದು ರೋಗವಲ್ಲ, ಕಾಂಗ್ರೆಸ್ ಗಿಡ ಒಗ್ಗದೆ ಆದದ್ದು, ಇದನ್ನು ಇವಳ ತಾಯಿ ತನಗೆ ಆಗಲೇ ಹೇಳಿದ್ದಳು, ತಾನು ಅದನ್ನು ಬಚ್ಚಿಟ್ಟು ದೊಡ್ಡ ರೋಗವೆಂದು ಹಬ್ಬಿಸಿದೆ, ತನಗೂ ಈಗ ಯಾವುದೋ ಒಗ್ಗದೆ ಹಾಗೇ ಆಗಿದೆ ಎಂದು ತಡವರಿಸಿ ಮುಗಿಸಿದಳು. ಹಿಂದಿನ ಸಾಲಿಗೆ ಕೇಳಿಸಲಿಲ್ಲವೆಂದು ರಾಮಲಕ್ಷ್ಮಮ್ಮ ಕಂಬದ ಪಕ್ಕದಿಂದ ತಗ್ಗಿದ ದನಿಯಲ್ಲಿ ಹೇಳಿದಳು. ವೆಂಕಟರತ್ನಮ್ಮ ಗಂಗುಲಪ್ಪನ ಕಡೆ ತಿರುಗಿ ಇನ್ನೊಂದು ಸಲ ಹೇಳಿದಳು. ಆಂಜಿನಮ್ಮ ತಂದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅರ್ಧ ನೀರು ರವಿಕೆಯ ಮೇಲೆ ಚೆಲ್ಲಿತು.

ಲಕ್ಷ್ಮೀನರಸಮ್ಮ ಇಬ್ಬರ ಕತ್ತನ್ನೂ ನೋಡಿದಳು. ನಿಜವಾದ ದೊಡ್ಡ ರೋಗವಾಗಿದ್ದರೆ ಮಗಳ ಶುಭಕಾರ್ಯದ ದಿನ ಯಾವ ತಾಯಿಯೂ ಅಂಥವಳ ಕೈಯ ನೀರು ಕುಡಿಯುವುದಿಲ್ಲವೆಂದು ಅವಳಿಗೆ ತೋರಿರಬೇಕು. ಚಿಕ್ಕಬಳ್ಳಾಪುರದ ಡಾಕ್ಟರನ್ನು ಅವಳೂ ಯಾರ ಕೈಲೋ ವಿಚಾರಿಸಿದ್ದಳು. ಹಸೆಯ ಮೇಲೆ ಕೂತು, ಬರೆಯಿರಿ ಎಂದು ಪುರೋಹಿತರಿಗೆ ಸನ್ನೆ ಮಾಡಿದಳು.

ಆ ಮಧ್ಯಾಹ್ನ ಮನೆಯಲ್ಲಿ ಆಂಜಿನಮ್ಮ ತಾಯಿಯ ಕೈ ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳಿನ ಉಗುರಿನ ಸುತ್ತ ಗೇರಿನ ಕಪ್ಪು. ಬೀದಿಯ ಬಟ್ಟೆ ನಿಂತು ಎಷ್ಟೋ ಕಾಲವಾಗಿತ್ತು. ಹೊಸ ಗುರುತು ಹಾಕುವ ಕೆಲಸವೇ ಇರಲಿಲ್ಲ.

"ನೀನಾ ಅಮ್ಮ?"

ರಾಮಲಕ್ಷ್ಮಮ್ಮ ಕೈ ಎಳೆದುಕೊಳ್ಳಲಿಲ್ಲ.

"ಅವರ ರೆಪ್ಪೆ ನೋಡ್ದೆ," ಎಂದಳು ಮಗಳು. "ಆ ಉರಿ ನಂಗೆ ಗೊತ್ತು. ಅವರಿಗೂ ಹಂಗೇ ಆಗ್ಲಿ ಅಂತ ಎಷ್ಟು ಸಲ ಬೇಡ್ಕೊಂಡಿದ್ದೆ. ಚೊಂಬು ಕೊಟ್ಟು ನೋಡ್ತೀನಿ, ಅರ್ಧ ನೀರು ಮೈಮೇಲೇ ಚೆಲ್ಕೊಂಡ್ರು. ನಂಗೆ ತಣ್ಣಗಾಗ್ಲೇ ಇಲ್ಲ."

"ನಂಗಾಯ್ತು ಕಣಮ್ಮ," ಎಂದಳು ತಾಯಿ. ಎದ್ದು ಒಲೆಗೆ ಪುಳ್ಳೆ ಹಾಕಿದಳು. ಸ್ವಲ್ಪ ಹೊತ್ತು ಬಿಟ್ಟು, ಎಳನೀರಿನಲ್ಲಿ ಕೊಬ್ಬರಿ ಅರೆದು ಹಚ್ಚಿದರೆ ಅದು ಬೇಗ ಇಳಿಯುತ್ತದೆ, ಬೇಕಿದ್ದರೆ ನೀನೇ ಹೋಗಿ ಹೇಳಿ ಬಾ ಎಂದಳು. ಮಗಳು ಹೋಗಿ ಹೇಳಿ ಬಂದಳು.

ಗಂಗುಲಪ್ಪ ಹೆಚ್ಚು ದಿನ ತಡೆಯಲಿಲ್ಲ. ಈ ಸಲ ನೇರ ರಾಮಲಕ್ಷ್ಮಮ್ಮನ ಮನೆಗೆ ಬಂದ, ಚಾಪೆಯ ನಡುವೆ ಕೂತ, ಕೊಟ್ಟ ಉಪ್ಪಿಟ್ಟು ತಿಂದು ಇನ್ನೊಂದು ತುತ್ತು ಹಾಕಿಸಿಕೊಂಡ. ಮಗನಿಗೆ ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಡಿ ಇದೆ, ಹುಡುಗಿ ಕೆರೆಗೆ ಇಳಿಯಬೇಕಿಲ್ಲ, ಗಿಡದ ತಂಟೆಯೇ ಇಲ್ಲ ಎಂದ. ಹೋದ ಸಲದ್ದು ಮನಸ್ಸಲ್ಲಿಟ್ಟುಕೊಳ್ಳಬೇಡ ತಾಯಿ ಎಂದ. ರಾಮಲಕ್ಷ್ಮಮ್ಮ ಒಳಗೆ ತಿರುಗಿ ಮಗಳ ಮುಖ ನೋಡಿದಳು. ಆಂಜಿನಮ್ಮ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದಳು. ಬೇಡವೆಂದು ತಲೆಯಾಡಿಸಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಗಂಗುಲಪ್ಪನಿಗೂ ಒಂದಿಷ್ಟು ಬಿಸಿ ತಟ್ಟಲಿ ಎನ್ನುವ ಆಸೆ ಅವಳಿಗೂ ಇದ್ದಂತಿತ್ತು.

"ನಮ್ದೇನೂ ಅಡ್ಡಿ ಇಲ್ಲಣ್ಣ," ಎಂದಳು ರಾಮಲಕ್ಷ್ಮಮ್ಮ. "ಆದ್ರೆ ಪದ್ಧತಿ ಇದೆಯಲ್ಲ. ಮಂಚೇನಹಳ್ಳಿಗೆ ಬಂದು, ನೀವು ಯಾರ್ಯಾರ ಬಟ್ಟೆ ಒಗೀತೀರೋ ಆ ಮನೆಗಳಲ್ಲೆಲ್ಲ ಒಂದೊಂದು ಲೋಟ ಕಾಫಿ ಕುಡೀತೀನಿ. ಅವರೇನಂತಾರೋ ಕೇಳ್ಕೊಂಡು ಆಮೇಲೆ ಹೇಳ್ತೀನಿ."

ಗಂಗುಲಪ್ಪ ಕೈ ತೊಳೆದುಕೊಂಡು, ಹಾಗೇ ಮಾಡಿ ಎಂದು ಹೊರಟ. ದಾರಿಯಲ್ಲಿ ಅವನು ತನ್ನ ಬೀದಿಯ ಒಂದೊಂದು ಜಗಲಿಯನ್ನೂ ನೆನೆಸಿಕೊಂಡು ಬೆವತಿರಬೇಕು. ಒಗೆಯುವವರ ಬಗ್ಗೆ ಒಗೆಸಿಕೊಳ್ಳುವವರಲ್ಲಿ ಏನಾದರೊಂದು ದೂರು ಇದ್ದೇ ಇರುತ್ತದೆ.

ಬಯ್ಯಪ್ಪನ ಮನೆಯ ಮದುವೆ ಮುಗಿದು, ಚಪ್ಪರ ಬಿಚ್ಚಿ, ಬೀದಿಯವರ ಗಂಟುಗಳು ಒಂದೊಂದಾಗಿ ರಾಮಲಕ್ಷ್ಮಮ್ಮನ ಮನೆಗೆ ಮರಳಿ ಬರತೊಡಗಿದ್ದವು. ಒಂದು ಸಂಜೆ ವೆಂಕಟರತ್ನಮ್ಮ ತಾನೇ ಬಂದಳು. ಕತ್ತಿನ ಕೆಂಪು ಇಳಿದಿತ್ತು, ಸುತ್ತ ಕಪ್ಪು ಗೆರೆ ಉಳಿದಿತ್ತು. ಅವಳು ಕಂಕುಳಿನಿಂದ ಮಖಮಲ್ಲಿನ ರವಿಕೆ ತೆಗೆದು, ಒಳಮೈ ಹೊರಗಾಗುವಂತೆ ತಿರುಗಿಸಿ, ಇಸ್ತ್ರಿ ಮೇಜಿನ ಮೇಲೆ ಹರವಿದಳು. ಕೊರಳಪಟ್ಟಿಯ ಹೊಲಿಗೆಗುಂಟ ಬಟ್ಟೆ ಗಡುಸಾಗಿತ್ತು. ಬೆಳಕಿಗೆ ಹಿಡಿದರೆ ಕಪ್ಪು ಗೆರೆ ಕಾಣುತ್ತಿತ್ತು, ಅವಳ ಕತ್ತಿನ ಗೆರೆಯ ಅಳತೆಗೆ ಸರಿಯಾಗಿ.

ಅವಳಿಗೆ ಗೊತ್ತಾಗಿದೆಯೆಂದು ರಾಮಲಕ್ಷ್ಮಮ್ಮನಿಗೆ ಗೊತ್ತಾಯಿತು. ಬೀದಿಗೆ ಹೇಳುವುದಾದರೆ ಅವಳು ಈಗ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ಅಗಸಗಿತ್ತಿ ರವಿಕೆಗೆ ಏನೋ ಹಚ್ಚಿದಳೆಂದರೆ, ಯಾಕೆ ಹಚ್ಚಿದಳೆಂದು ಚಿಂತಾಮಣಿಯಲ್ಲಿ ಕೇಳುತ್ತಾರೆ. ಚಪ್ಪರದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ, ಈ ಸಲ ಮಗಳ ಅತ್ತೆಮನೆಯಲ್ಲಿ.

"ಇದು ಹೋಗಲ್ವಾ?" ಎಂದು ಕೇಳಿದಳು ವೆಂಕಟರತ್ನಮ್ಮ. ಕೈ ರವಿಕೆಯ ಮೇಲಿತ್ತು.

ರಾಮಲಕ್ಷ್ಮಮ್ಮ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೊಸ ಬಟ್ಟೆ ನೋಡುವಷ್ಟೇ ನಿಗಾದಿಂದ ನೋಡಿದಳು.

"ಹೋಗಲ್ಲ ಅಮ್ಮಣ್ಣೀ. ಸುಣ್ಣ ಹಚ್ಚಿದ್ರೆ ಇನ್ನು ಮೈಗೇನೂ ಆಗಲ್ಲ, ತೊಟ್ಕೋಬಹುದು. ಗುರುತು ಮಾತ್ರ ಹಂಗೇ ಇರ್ತದೆ."

ವೆಂಕಟರತ್ನಮ್ಮ ರವಿಕೆಯನ್ನು ಅಲ್ಲೇ ಬಿಟ್ಟು ಬಾಗಿಲು ದಾಟಿದಳು. ರಾಮಲಕ್ಷ್ಮಮ್ಮ ಗೂಡಿನಿಂದ ಸುಣ್ಣದ ಡಬ್ಬಿ ಇಳಿಸಿ, ಕೊರಳಪಟ್ಟಿಯ ಉದ್ದಕ್ಕೂ ದಪ್ಪಗೆ ಹಚ್ಚಿ, ಮಾರನೆಯ ದಿನದ ಗಂಟಿಗೆ ಸೇರಿಸಿದಳು.